ಯಾರೂ ಏನೂ ಮುಟ್ಟಿಲ್ಲ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕಂಪ್ಲೇಂಟಮ್ಮ ಎಂದೇ ಕರೆಯುವುದು. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರು ಕೇಳಿದ ಕೂಡಲೇ, ಓಹೋ, ಯಾರೋ ಸದಾ ಗೊಣಗುವ ಮುದುಕಿ ಇರಬೇಕು ಎಂದುಕೊಳ್ಳುತ್ತಾರೆ. ಅಯ್ಯೋ, ಅಲ್ಲವೇ ಅಲ್ಲ. ಆಕೆ ತಮ್ಮ ಆಯುಸ್ಸಿನಲ್ಲಿ ಯಾರ ಮೇಲೂ ದೂರು ಕೊಟ್ಟವರಲ್ಲ, ಊರಿನವರ ದೂರನ್ನೆಲ್ಲ ಕೇಳಿದವರು. ಟೆಲಿಫೋನ್ ಆಫೀಸಿನ ದೂರು ವಿಭಾಗದಲ್ಲಿ, ಕಿಟಕಿಯಿಂದ ಎರಡನೇ ಕುರ್ಚಿಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೂವತ್ತೊಂದು ವರ್ಷ ಕೂತು, ಸತ್ತ ಫೋನುಗಳ ಕಥೆ ಕೇಳಿ ಕೇಳಿ ನಿವೃತ್ತರಾದವರು. ಹಾಗೆ ಅಂಟಿಕೊಂಡ ಹೆಸರು ಅದು. ಆಕೆಗೂ ಅದರ ಮೇಲೆ ಕೋಪವಿಲ್ಲ. ತರಕಾರಿಯವನು ಬಾಗಿಲಲ್ಲಿ ನಿಂತು ಕಂಪ್ಲೇಂಟಮ್ಮಾ ಎಂದು ಕೂಗಿದರೆ, ಬಂದೆ, ನಂಬರ್ ಹೇಳಿ ಎಂದು ಒಳಗಿನಿಂದಲೇ ನಗುತ್ತಾರೆ.

ಆ ಕುರ್ಚಿ ಅವರಿಗೆ ಮೂರು ಪ್ರಶ್ನೆಗಳನ್ನು ಕಲಿಸಿತ್ತು. ರಿಸೀವರ್ ಸರಿಯಾಗಿ ಇಟ್ಟಿದ್ದೀರಾ? ಪಕ್ಕದ ಮನೆಯ ಫೋನ್ ಕೆಲಸ ಮಾಡುತ್ತಿದೆಯಾ? ನಿನ್ನೆಯಿಂದ ಈಚೆಗೆ ಯಾರಾದರೂ ಏನಾದರೂ ಮುಟ್ಟಿದರಾ? ಈ ಮೂರನ್ನು ಕೇಳಿದರೆ ನೂರಕ್ಕೆ ತೊಂಬತ್ತು ದೂರು ಅಲ್ಲೇ ಬಗೆಹರಿಯುತ್ತಿತ್ತು ಎಂದು ಆಕೆ ಈಗಲೂ ಎದೆ ತಟ್ಟಿಕೊಂಡು ಹೇಳುತ್ತಾರೆ. ಮೊದಲ ಎರಡಕ್ಕೆ ಜನ ನಿಜ ಹೇಳುತ್ತಿದ್ದರು. ಮೂರನೆಯದಕ್ಕೆ ಮಾತ್ರ, ದೊಡ್ಡ ವಕೀಲರಾಗಲಿ ಸಣ್ಣ ಅಂಗಡಿಯವರಾಗಲಿ, ಎಲ್ಲರದೂ ಒಂದೇ ಉತ್ತರ: ‘ಯಾರೂ ಏನೂ ಮುಟ್ಟಿಲ್ಲಮ್ಮ.’ ಲೈನ್‌ಮನ್ ಹೋಗಿ ನೋಡಿದರೆ, ಗೋಡೆಗೆ ಫೋಟೋ ನೇತುಹಾಕಲು ಹೊಡೆದ ಮೊಳೆ ನೆಟ್ಟಗೆ ವೈರಿನೊಳಗೆ ಇಳಿದಿರುತ್ತಿತ್ತು. ಒಬ್ಬ ಮಹಾಶಯರಂತೂ ಫೋನನ್ನು ಸೋಪುನೀರಿನಲ್ಲಿ ಅದ್ದಿ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಎದುರಂಗಡಿಯಿಂದ ದೂರು ಕೊಟ್ಟು, ಯಾರೂ ಏನೂ ಮುಟ್ಟಿಲ್ಲ ಎಂದಿದ್ದರು. ಕಂಪ್ಲೇಂಟಮ್ಮ ಯಾರನ್ನೂ ಬೈಯುತ್ತಿರಲಿಲ್ಲ. ಆಗುತ್ತೆ ಸಾರ್, ಕೆಲವು ಸಲ ತಾನಾಗೇ ಕೆಡುತ್ತೆ, ತಾನಾಗೇ ಸರಿಹೋಗುತ್ತೆ ಎಂದು ಅವರ ಮಾನ ಉಳಿಸಿ, ಫೋನಿಟ್ಟ ಮೇಲೆ ಪಕ್ಕದ ಕುರ್ಚಿಯವಳ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ದೂರಿನ ಪುಸ್ತಕದಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದರು: ದೋಷ ಗ್ರಾಹಕರ ಮನೆಯಲ್ಲೇ.

ಆಫೀಸಿನಿಂದ ಅವರು ಹೊತ್ತು ತಂದ ಇನ್ನೊಂದು ಗುಣ ದಾರ ಕಟ್ಟುವುದು. ದೂರು ವಿಭಾಗದ ಹಿಂದೆಯೇ ವೈರುಗಳ ಕೋಣೆ. ಅಲ್ಲಿ ಸಾವಿರಾರು ವೈರುಗಳನ್ನು ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದು ಗಂಟಿನ ಹಾಗೆ ಬಿಗಿದು, ಜಡೆ ಹೆಣೆದಂತೆ ಅಚ್ಚುಕಟ್ಟಾಗಿ ಕಟ್ಟಿಡುತ್ತಿದ್ದರು. ಊಟದ ಬಿಡುವಿನಲ್ಲಿ ಒಬ್ಬ ಹಿರಿಯ ಲೈನ್‌ಮನ್, ಆಕೆ ಅಣ್ಣ ಎಂದು ಕರೆಯುತ್ತಿದ್ದವರು, ಆ ಗಂಟು ಹಾಕುವುದನ್ನು ಹೇಳಿಕೊಟ್ಟಿದ್ದರು. ಅಂದಿನಿಂದ ಅವರ ಕಣ್ಣಿಗೆ ಜೋಲಾಡುವ ವೈರು ಬಿದ್ದರೆ ಕೈ ಸುಮ್ಮನಿರದು. ಮನೆಯಲ್ಲಿ ಟಿವಿ ವೈರು, ಇಸ್ತ್ರಿಪೆಟ್ಟಿಗೆ ವೈರು, ಮೇಜುದೀಪದ ವೈರು, ಎಲ್ಲಕ್ಕೂ ನೀಲಿ ದಾರದ ಗಂಟು. ನಾನು ಎರಡು ನಿಮಿಷ ಅಲ್ಲಾಡದೆ ಕೂತರೆ ಅಮ್ಮ ನನ್ನನ್ನೂ ಕಟ್ಟಿಹಾಕಿಬಿಡುತ್ತಾಳೆ ಎಂದು ಮಗ ತಮಾಷೆ ಮಾಡುತ್ತಿದ್ದ.

ಮಗ ಕಾಗದದ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಬೆಳಗ್ಗೆ ಆರಕ್ಕೆ ಹೊರಟರೆ ಮೂರರವರೆಗೆ ಅವನ ಫೋನು ಕಾರ್ಖಾನೆಯ ಬೀರುವಿನಲ್ಲಿ. ಮೊಮ್ಮಗಳು ಎರಡನೇ ಕ್ಲಾಸು. ಸೊಸೆ ಮದುವೆಗೆ ಮುಂಚೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿದ್ದವಳು. ಮಗುವಿಗೆ ಎಳವೆಯಲ್ಲಿ ಉಬ್ಬಸ ಹಿಡಿದುಕೊಂಡಿದ್ದರಿಂದ ಕೆಲಸ ಬಿಟ್ಟು ಏಳು ವರ್ಷ ಮನೆಯಲ್ಲೇ ಉಳಿದಳು. ಈಗ ಮಗು ಗಟ್ಟಿಯಾಗಿ ಸ್ಕೂಲಿಗೆ ಓಡುತ್ತದೆ. ಹನ್ನೊಂದು ಕಡೆ ಅರ್ಜಿ ಹಾಕಿದ್ದಳು, ಹನ್ನೊಂದೂ ಕಡೆಯಿಂದ ಮೌನ. ಏಳು ವರ್ಷ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೂ ಏನೆಂದು ಹೇಳುವುದು? ಒಂದು ಸಂಜೆ ಬಟ್ಟೆ ಮಡಚುತ್ತಾ ಅವಳು, ‘ನಿಮಗೆ ಆಫೀಸಲ್ಲಿ ಒಂದು ಕುರ್ಚಿ ಇತ್ತಲ್ಲ ಅತ್ತೆ, ನನಗೂ ನನ್ನದು ಅಂತ ಒಂದು ಕುರ್ಚಿ ಬೇಕು ಅನ್ಸುತ್ತೆ’ ಅಂದಿದ್ದಳು. ಆ ಮಾತು ಕಂಪ್ಲೇಂಟಮ್ಮನ ಹೊಟ್ಟೆಯೊಳಗೆ ಹೋಗಿ ಕೂತುಬಿಟ್ಟಿತ್ತು.

ಹನ್ನೆರಡನೆಯ ಅರ್ಜಿಗೆ ಉತ್ತರ ಬಂತು. ನೀರು ಸರಬರಾಜು ಕಚೇರಿಯ ದೂರು ಕೇಳುವ ಕೆಲಸ, ಮನೆಯಿಂದಲೇ ಮಾಡುವುದು. ಬುಧವಾರ ಹನ್ನೊಂದೂವರೆಗೆ ಕಂಪ್ಯೂಟರಿನಲ್ಲಿ ಮುಖ ನೋಡಿ ಸಂದರ್ಶನ. ಪತ್ರದ ಕೊನೆಯಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ಅಭ್ಯರ್ಥಿಯ ಮನೆಯ ಇಂಟರ್ನೆಟ್ ಲೈನನ್ನು ಸಂದರ್ಶನದ ವೇಳೆಯಲ್ಲೇ ಪರೀಕ್ಷಿಸಲಾಗುವುದು, ಲೈನ್ ಸಿಗದಿದ್ದರೆ ಮರು ಅವಕಾಶವಿಲ್ಲ. ಅತ್ತೆಗೆ ಸಂತೋಷವೋ ಸಂತೋಷ. ಸೊಸೆಯ ದನಿ ಮೊದಲಿಂದಲೂ ಸ್ವಲ್ಪ ಮೆತ್ತಗೆ, ದೂರಿನ ಕುರ್ಚಿಗೆ ಇನ್ನೂ ಗಟ್ಟಿ ದನಿ ಬೇಕಿತ್ತು ಎಂಬ ಒಂದು ಅನುಮಾನ ಮಾತ್ರ ಒಳಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬದಲಿಗೆ ರಾತ್ರಿ ಊಟವಾದ ಮೇಲೆ ದಿನಾ ಒಂದು ಗಂಟೆ ಆಕೆ ಕೋಪಿಷ್ಠ ಗ್ರಾಹಕರಾದರು, ಸೊಸೆ ಉತ್ತರ ಕೊಡುವವಳಾದಳು. ಮೊಮ್ಮಗಳು ನಡುವೆ ಕೂತು ಮಾರ್ಕು ಹಾಕುತ್ತಿದ್ದಳು.

ಬುಧವಾರ ಬೆಳಗ್ಗೆ ಬೇಗ ಎದ್ದ ಕಂಪ್ಲೇಂಟಮ್ಮ, ಸೊಸೆ ಕೂರುವ ಮುಂದಿನ ಕೋಣೆಯನ್ನು ತಾವೇ ಗುಡಿಸಿ ಒರೆಸಿದರು. ಕ್ಯಾಮೆರಾದಲ್ಲಿ ಕಾಣುವ ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದರು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿದರು, ರೂಟರ್ ಡಬ್ಬಿಯ ಧೂಳು ಹೊಡೆದರು, ಅದರ ಹಿಂದೆ ಇಳಿಬಿದ್ದಿದ್ದ ವೈರುಗಳನ್ನು ಒಪ್ಪ ಮಾಡಿದರು. ದೊಡ್ಡ ಕಚೇರಿಯವರು ನೋಡುವ ಮನೆ ಅಲ್ಲವೇ? ಕೆಲಸ ಮುಗಿಸಿ ದೂರ ನಿಂತು ನೋಡಿದಾಗ ಆಕೆಗೆ ತುಂಬ ತೃಪ್ತಿಯಾಯಿತು.

ಒಂಬತ್ತೂವರೆಗೆ ಸೊಸೆ ಕಂಪ್ಯೂಟರ್ ತೆರೆದಳು. ಇಂಟರ್ನೆಟ್ ಇಲ್ಲ. ಹತ್ತು ಸಲ ಒತ್ತಿದಳು, ಇಲ್ಲ. ಮುಖದ ರಕ್ತವೆಲ್ಲ ಇಳಿದುಹೋದವಳಂತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮೊಬೈಲಿನ ಇಂಟರ್ನೆಟ್ ಹಾಕಿಕೊಳ್ಳೋಣವೆಂದರೆ ಅವರ ಮನೆ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ನೆಲಮಹಡಿ. ಮಾತಾಡುವಷ್ಟು, ಸಣ್ಣಪುಟ್ಟದ್ದು ಹುಡುಕಿ ಇಳಿಸಿಕೊಳ್ಳುವಷ್ಟು ಸಿಗ್ನಲ್ ಬರುವುದೇ ಹೆಚ್ಚು, ಮುಖ ತೋರಿಸುವಷ್ಟು ಬರುವುದಿಲ್ಲ. ಮೇಲಾಗಿ ಅವರು ಪರೀಕ್ಷಿಸುವುದು ಮನೆಯ ಲೈನನ್ನು.

ಹೆದರಬೇಡ ಎಂದು ಕಂಪ್ಲೇಂಟಮ್ಮ ಕೈ ಒರೆಸಿಕೊಂಡು ಬಂದರು. ಹಳೆಯ ಕುದುರೆಗೆ ಕಹಳೆ ಕೇಳಿಸಿದಂತಾಗಿತ್ತು ಅವರಿಗೆ. ಮೊದಲನೆಯ ಪ್ರಶ್ನೆ: ಎಲ್ಲ ಸರಿಯಾಗಿ ಸಿಕ್ಕಿಸಿದೆಯಾ? ಪ್ಲಗ್ಗು ಗಟ್ಟಿಯಾಗಿತ್ತು. ಸ್ವಿಚ್ ಆರಿಸಿ, ಮೂವತ್ತರವರೆಗೆ ನಿಧಾನವಾಗಿ ಎಣಿಸಿ, ಮತ್ತೆ ಹಾಕಿದರು. ಡಬ್ಬಿಯ ಮೇಲಿನ ದೀಪಗಳು ಒಂದೊಂದಾಗಿ ಕಣ್ಣುಬಿಟ್ಟವು. ಮೊದಲನೆಯದು ಹಸಿರು, ಎರಡನೆಯದು ಹಸಿರು, ಮೂರನೆಯದು ಕೆಂಪು, ಅದೂ ಮಿಣಮಿಣ. ಐದು ನಿಮಿಷ ಕಾದರೂ ಕೆಂಪು ಕೆಂಪೇ. ಸರಿ, ಎರಡನೆಯ ಪ್ರಶ್ನೆ ಪಕ್ಕದ ಮನೆಗೆ ಹೋಗಿ ಕೇಳಬೇಕಾದದ್ದು. ಚಪ್ಪಲಿ ಮೆಟ್ಟಿ ಹೊರಟರು.

ಪಕ್ಕದ ಮನೆಯ ಕನ್ನಡಕದಂಗಡಿಯವರದೂ ಅದೇ ಕಂಪನಿಯ ಲೈನು. ಅವರ ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿತ್ತು. ಅಲ್ಲಿಗೆ ದೋಷ ಬೀದಿಯದಲ್ಲ, ತಮ್ಮ ಮನೆಯದೇ ಎಂದು ತಿಳಿಯಿತು. ಇಷ್ಟು ಕೇಳಿಕೊಂಡು ಬರಲು ಕಂಪ್ಲೇಂಟಮ್ಮನಿಗೆ ಹಿಡಿದದ್ದು ಹತ್ತು ನಿಮಿಷ, ಯಾಕೆಂದರೆ ಕನ್ನಡಕದವರ ಹೆಂಡತಿ ಬಾಗಿಲಲ್ಲಿ ಸಿಕ್ಕರೆ ಬಿಡುವ ಪೈಕಿಯಲ್ಲ. ಆ ಹತ್ತು ನಿಮಿಷದಲ್ಲಿ ಮನೆಯಲ್ಲಿ ಬೇರೆಯೇ ಕಥೆ ಶುರುವಾಗಿತ್ತು.

ಸೊಸೆ ಗಾಬರಿಯಲ್ಲಿ ಮೊಬೈಲಿನಲ್ಲಿ ಕಂಪನಿಯ ಸಹಾಯವಾಣಿ ಎಂದು ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ನಂಬರಿಗೆ ಫೋನ್ ಮಾಡಿಬಿಟ್ಟಿದ್ದಳು. ಅತ್ತೆ ಒಳಗೆ ಬಂದಾಗ ಫೋನಿನಿಂದ ಒಬ್ಬ ಗಂಡಸಿನ ದನಿ ಗಟ್ಟಿಯಾಗಿ ಕೇಳಿಸುತ್ತಿತ್ತು. ಏನು ಮರ್ಯಾದೆ, ಏನು ನಯ! ಮಾತಿಗೊಂದು ಮೇಡಂ. ನಿಮ್ಮ ಲೈನಿನೊಳಗೆ ಹೊರಗಿನ ಕಳ್ಳರು ನುಗ್ಗಿದ್ದಾರೆ ಮೇಡಂ, ಹದಿನೈದು ನಿಮಿಷದಲ್ಲಿ ಸರಿಮಾಡದಿದ್ದರೆ ಲೈನ್ ಶಾಶ್ವತವಾಗಿ ನಿಂತುಹೋಗುತ್ತದೆ ಮೇಡಂ, ನಾನು ಹೇಳಿದ ಆ್ಯಪ್ ಇಳಿಸಿಕೊಳ್ಳಿ, ಒಪ್ಪಿಗೆ ಎಂಬಲ್ಲಿ ಒತ್ತಿ, ಆಮೇಲೆ ಫೋನಿಗೆ ಬರುವ ಆರು ಅಂಕಿ ಹೇಳಿ, ನಾನು ಇಲ್ಲಿಂದಲೇ ನಿಮ್ಮ ಫೋನಿನೊಳಗೆ ಬಂದು ಎಲ್ಲ ಸರಿಮಾಡುತ್ತೇನೆ. ಸೊಸೆ ಆ್ಯಪ್ ಇಳಿಸಿಯಾಗಿತ್ತು. ಅವಳ ಹೆಬ್ಬೆರಳು ಒಪ್ಪಿಗೆ ಎಂಬ ಹಸಿರು ಗುಂಡಿಯ ಮೇಲೆ ಕೂದಲೆಳೆಯಷ್ಟು ದೂರದಲ್ಲಿತ್ತು.

ಕಂಪ್ಲೇಂಟಮ್ಮನಿಗೆ ಆ್ಯಪ್ಪಿನ ವಿಷಯವೇನೂ ತಿಳಿಯದು. ಆದರೆ ಆ ಕುರ್ಚಿಯ ವಿಷಯ ತಿಳಿಯದೆ? ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿದ್ದಾರಾ? ದೂರಿನ ಕುರ್ಚಿಯಲ್ಲಿ ಕೂತವರಿಗೆ ಇಷ್ಟೊಂದು ನಯ ಇರಲು ಪುರುಸೊತ್ತು ಎಲ್ಲಿ? ಎಷ್ಟು ಹೊತ್ತು ಕಾಯಿಸಿ ಎತ್ತಿದ ಎಂದು ಸನ್ನೆಯಲ್ಲೇ ಕೇಳಿದರು. ಕಾಯಿಸಲೇ ಇಲ್ಲ, ಮೊದಲ ರಿಂಗಿಗೇ ಎತ್ತಿದರು ಎಂದು ಸೊಸೆ ಪಿಸುಗುಟ್ಟಿದಳು. ಅಲ್ಲಿಗೆ ಮುಗಿಯಿತು. ಸೊಸೆಯ ಕೈಯಿಂದ ಫೋನನ್ನು ಮೆಲ್ಲಗೆ ತೆಗೆದುಕೊಂಡು, ಹಳೆಯ ದನಿಯನ್ನು ಗಂಟಲಿಗೆ ತಂದುಕೊಂಡು ಕೇಳಿದರು.

‘ನಮ್ಮ ಡಬ್ಬೀಲಿ ಯಾವ ದೀಪ ಉರೀತಿದೆ ಅಂತ ನೀವು ಕೇಳಲೇ ಇಲ್ವಲ್ಲ?’

ಇಲ್ಲಿಂದ ನಮಗೆ ಎಲ್ಲವೂ ಕಾಣುತ್ತದೆ ಮೇಡಂ ಎಂದ ಆತ. ಹಾಗಾದರೆ ನೀವೇ ಹೇಳಿ ಎಂದರು ಇವರು. ಆತ ಎಲ್ಲವೂ ಕೆಂಪು ಎಂದ. ನಮ್ಮ ಗ್ರಾಹಕ ಸಂಖ್ಯೆ ಎಷ್ಟು ಎಂದರು. ಆತ ಅದನ್ನು ಬಿಟ್ಟು ಹದಿನೈದು ನಿಮಿಷದ ಹೆದರಿಕೆಯನ್ನು ಮತ್ತೆ ಹಾಕಿದ. ನಯವೆಲ್ಲ ಜಾರಿ ದನಿ ಒರಟಾಯಿತು. ಮುದುಕಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಆ ಮೇಡಂ ಕೈಗೆ ಫೋನ್ ಕೊಡಿ ಎಂದ.

‘ತಮ್ಮಾ, ನೀನು ಕೂತಿದ್ದೀನಿ ಅಂತ ಹೇಳೋ ಕುರ್ಚೀಲಿ ನಾನು ಮೂವತ್ತೊಂದು ವರ್ಷ ಕೂತಿದ್ದೆ. ಅಲ್ಲಿ ಕೂತವರು ದೀಪದ ಬಣ್ಣ ಕೇಳ್ತಾರೆ, ಮನೆಯವರ ಗುಟ್ಟು ಕೇಳಲ್ಲ’ ಎಂದು ಫೋನ್ ಇಟ್ಟರು.

ಸೊಸೆಯ ಬ್ಯಾಂಕಿನ ಲೆಕ್ಕ, ಮಗುವಿನ ಫೋಟೋ, ಎಲ್ಲವೂ ಆ ಫೋನಿನಲ್ಲೇ. ಇಬ್ಬರೂ ಸೇರಿ ಆ ಆ್ಯಪ್ಪನ್ನು ಅಳಿಸಿ, ಆ ನಂಬರನ್ನು ಮತ್ತೆ ಬಾರದಂತೆ ತಡೆದರು. ಹುಡುಕಿದಾಗ ಮೇಲೆ ಬಂದ ನಂಬರನ್ನು ನಂಬುವುದೂ ಒಂದೇ, ದಾರಿಹೋಕನ ಕೈಗೆ ಮನೆಯ ಬೀಗದ ಕೈ ಕೊಡುವುದೂ ಒಂದೇ ಎಂದು ಕಂಪ್ಲೇಂಟಮ್ಮ ಬೈದರು. ಬೈದ ತಕ್ಷಣ ಬೆನ್ನು ಸವರಿ ನೀರು ಕುಡಿಸಿದರು. ಕಂಪನಿಯ ನಿಜವಾದ ನಂಬರು ತಿಂಗಳ ಬಿಲ್ಲಿನ ಮೇಲೆ ಇರುತ್ತದೆ, ಡಬ್ಬಿಯ ಅಡಿಯ ಚೀಟಿಯಲ್ಲಿರುತ್ತದೆ. ಡಬ್ಬಿಯನ್ನು ಎತ್ತಿ ಕನ್ನಡಕ ಏರಿಸಿ ಓದಿ, ತಾವೇ ಒತ್ತಿದರು. ಗಡಿಯಾರದಲ್ಲಿ ಹತ್ತು ಗಂಟೆ ಮೂವತ್ತೈದು ನಿಮಿಷ.

ಅಬ್ಬಾ, ಆ ಕಾಯುವಿಕೆ. ಒಂದನ್ನು ಒತ್ತಿ, ಮೂರನ್ನು ಒತ್ತಿ, ನಿಮ್ಮ ಕರೆ ನಮಗೆ ಮುಖ್ಯ ಎನ್ನುವ ಯಂತ್ರದ ದನಿ, ಮತ್ತೆ ಅದೇ ಸಂಗೀತ. ಸೊಸೆ ಉಗುರು ಕಚ್ಚುತ್ತಿದ್ದರೆ ಕಂಪ್ಲೇಂಟಮ್ಮನಿಗೆ ಮಾತ್ರ ನೆಮ್ಮದಿ. ಇಷ್ಟು ಕಾಯಿಸುತ್ತಾರೆಂದರೆ ಇದು ಖಂಡಿತ ಅಸಲಿ ಕಂಪನಿಯೇ ಎಂದರು. ಹನ್ನೆರಡು ನಿಮಿಷದ ಮೇಲೆ ಒಬ್ಬ ಹುಡುಗಿಯ ದನಿ ಬಂತು. ಹಿಂದೆ ಇನ್ನೂ ಹತ್ತಾರು ದನಿಗಳ ಗುಂಯ್ಗುಟ್ಟುವಿಕೆ. ಆ ಸದ್ದು ಕೇಳಿ ಕಂಪ್ಲೇಂಟಮ್ಮನಿಗೆ ತವರುಮನೆ ಬಾಗಿಲಲ್ಲಿ ನಿಂತಷ್ಟು ಹಿತವಾಯಿತು. ಹುಡುಗಿ ಮೊದಲು ಗ್ರಾಹಕ ಸಂಖ್ಯೆ ಕೇಳಿದಳು. ಆಮೇಲೆ ಯಾವ ದೀಪ ಯಾವ ಬಣ್ಣ ಎಂದು ಕೇಳಿದಳು. ಭಲೇ ಎಂದುಕೊಂಡರು ಇವರು. ಪಕ್ಕದ ಮನೆಯಲ್ಲಿ ಸರಿಯಾಗಿದೆಯಾ ಎಂದೂ ಕೇಳಿದಳು. ಭಲೇ ಭಲೇ. ಮೂರನೆಯ ದೀಪ ಕೆಂಪಾಗಿದ್ದರೆ ಡಬ್ಬಿಗೆ ಬೆಳಕು ಬರುತ್ತಿಲ್ಲ ಎಂದರ್ಥ, ಹಿಂದೆ ಒಂದು ಸಣ್ಣ ಹಳದಿ ವೈರು ಇರುತ್ತದೆ ನೋಡಿ, ಅದು ತಾಮ್ರದ್ದಲ್ಲ, ಒಳಗೆ ಗಾಜಿನ ಎಳೆ, ಅದರಲ್ಲಿ ಬೆಳಕು ಹರಿಯುತ್ತದೆ ಎಂದು ವಿವರಿಸಿ, ಆ ಹುಡುಗಿ ಮೂರನೆಯ ಪ್ರಶ್ನೆಗೆ ಬಂದಳು.

‘ಆ ಹಳದಿ ವೈರನ್ನ ಯಾರಾದ್ರೂ ಮಡಚಿದ್ರಾ ಅಮ್ಮ, ಸುತ್ತಿ ಬಿಗಿಯಾಗಿ ಕಟ್ಟಿದ್ರಾ?’

ಬೆಳಗಿನ ಜಾವ ತಾವು ಒಪ್ಪ ಮಾಡಿದ ವೈರುಗಳು ಕಂಪ್ಲೇಂಟಮ್ಮನ ಕಣ್ಣ ಮುಂದೆ ಬಂದವು. ಉದ್ದಕ್ಕೆ ಇಳಿಬಿದ್ದಿದ್ದ ಆ ಹಳದಿ ವೈರನ್ನು ನಾಲ್ಕು ಮಡಿಕೆ ಮಾಡಿ, ಅಣ್ಣ ಹೇಳಿಕೊಟ್ಟ ಗಂಟು ಹಾಕಿ, ಎಳೆದೆಳೆದು ಬಿಗಿದವರು ಬೇರೆ ಯಾರು? ತಾಮ್ರದ ವೈರಾಗಿದ್ದರೆ ನೂರು ವರ್ಷ ಹಾಗೇ ಇರುತ್ತಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡದ್ದು ಎಂದರೆ ಇದೇ. ಪಕ್ಕದಲ್ಲೇ ಸೊಸೆ ಕಣ್ಣರಳಿಸಿಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು.

‘ಇಲ್ಲಮ್ಮ, ಯಾರೂ ಏನೂ ಮುಟ್ಟಿಲ್ಲ’ ಎಂದರು ಕಂಪ್ಲೇಂಟಮ್ಮ.

ಬಾಯಿಂದ ಬಿದ್ದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಮೂವತ್ತೊಂದು ವರ್ಷ ಆಚೆ ಕಡೆಯಿಂದ ಕೇಳಿದ ಮಾತು! ಕಿವಿ ಬಿಸಿಯಾಯಿತು. ಕನ್ನಡಕ ಒಳಗಿದೆ, ತಾ ಎಂದು ಸೊಸೆಯನ್ನು ಅಟ್ಟಿದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು, ಆದರೆ ಆ ಗಾಬರಿಯಲ್ಲಿ ಸೊಸೆಗೂ ಅದು ಕಾಣಲಿಲ್ಲ. ಅವಳು ಅತ್ತ ಹೋದದ್ದೇ ತಡ, ಮೇಜಿನ ಹಿಂದೆ ಬಗ್ಗಿ ನೀಲಿ ದಾರವನ್ನು ಹಲ್ಲಿನಿಂದ ಕಡಿದು, ವೈರಿನ ಮಡಿಕೆಗಳನ್ನು ಬಿಡಿಸಿ, ಅಗಲವಾದ ಸುತ್ತಾಗಿ ಬಿಟ್ಟರು. ಪುಣ್ಯಕ್ಕೆ ಒಳಗಿನ ಗಾಜು ಮುರಿದಿರಲಿಲ್ಲ. ಕೆಂಪು ದೀಪ ಎರಡು ಸಲ ಮಿಣುಕಿ ಆರಿತು. ಅದರ ಜಾಗದಲ್ಲಿ ಹಸಿರು ಬಂದು ನಿಂತಿತು. ದಾರ ಅವರ ಮುಷ್ಟಿಯಲ್ಲಿತ್ತು.

ಹಸಿರು ಬಂತಮ್ಮ ಎಂದು ಫೋನಿಗೆ ಹೇಳಿದರು. ಏನಾಗಿತ್ತು ಎಂದು ಹುಡುಗಿ ಕೇಳಿದಳು. ಏನೋ ಗೊತ್ತಿಲ್ಲ, ತಾನಾಗೇ ಬಂತು ಎಂದರು.

‘ಆಗುತ್ತೆ ಅಮ್ಮ, ಕೆಲವು ಸಲ ತಾನಾಗೇ ಸರಿಹೋಗುತ್ತೆ’ ಎಂದಳು ಹುಡುಗಿ.

ಆ ದನಿಯ ಅಡಿಯಲ್ಲಿ ಅದುಮಿಟ್ಟ ನಗುವನ್ನು ಕಂಪ್ಲೇಂಟಮ್ಮ ಗುರುತು ಹಿಡಿಯದೆ ಇದ್ದಾರೆಯೇ? ಅದು ಅವರದೇ ನಗು. ಈಗ ಫೋನಿಟ್ಟು ಪಕ್ಕದ ಕುರ್ಚಿಯವಳ ಜೊತೆ ಇವಳು ಹೊಟ್ಟೆ ಹಿಡಿದು ನಗುತ್ತಾಳೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತ ಸೊಸೆ, ಕನ್ನಡಕ ಎಲ್ಲೂ ಇಲ್ಲ ಎನ್ನುತ್ತಾ ಬಂದವಳು ಹಸಿರು ದೀಪ ಕಂಡು ನಿಂತಲ್ಲೇ ಕುಣಿದಳು. ಏನು ಮಾಡಿದಿರಿ ಎಂದು ಕೇಳಿದವಳಿಗೂ ಅದೇ ಉತ್ತರ ಸಿಕ್ಕಿತು. ಅವಳು ಅತ್ತೆಯ ಎರಡೂ ಕೆನ್ನೆ ಹಿಡಿದು, ನೀವು ಇರದಿದ್ದರೆ ನನ್ನ ಗತಿ ಏನು ಎಂದಳು. ಅತ್ತೆ ಅವಳ ಕಣ್ಣು ತಪ್ಪಿಸಿ ಅಡುಗೆಮನೆಯತ್ತ ಸರಿದರು.

ಹನ್ನೊಂದೂವರೆಗೆ ಬಾಗಿಲು ಮುಚ್ಚಿತು. ಕಂಪ್ಲೇಂಟಮ್ಮ ಈಚೆಯ ಕೋಣೆಯಲ್ಲಿ ಬಾಗಿಲಿಗೆ ಆತುಕೊಂಡು ಕೂತು ಹುರುಳಿಕಾಯಿ ಹೆಚ್ಚತೊಡಗಿದರು. ಕದ್ದು ಕೇಳುವುದಲ್ಲ, ಹುರುಳಿಕಾಯಿ ಹೆಚ್ಚುವುದು. ಅಷ್ಟರಲ್ಲಿ ಮಾತು ಕಿವಿಗೆ ಬಿದ್ದರೆ ಅವರ ತಪ್ಪೇ? ಲೈನಿನ ಪರೀಕ್ಷೆ ಮೊದಲು ನಡೆಯಿತು. ಚೆನ್ನಾಗಿದೆ ಎಂದರು ಆಚೆಯ ಅಧಿಕಾರಿಣಿ. ಏಳು ವರ್ಷದ ಪ್ರಶ್ನೆಯೂ ಬಂತು. ಮಗುವಿನ ಉಬ್ಬಸ ನೋಡಿಕೊಂಡೆ ಎಂದು ಸೊಸೆ ಅಳುಕದೆ ಹೇಳಿದಳು. ಆಮೇಲೆ, ನಲ್ಲಿಯಲ್ಲಿ ನೀರಿಲ್ಲ ಎಂದು ಒಬ್ಬರು ದೂರು ಕೊಡುತ್ತಾರೆ, ಮೊದಲು ಏನು ಮಾಡುತ್ತೀರಿ ಎಂದರು. ಮೂರು ಪ್ರಶ್ನೆ ಕೇಳುತ್ತೇನೆ ಎಂದಳು ಸೊಸೆ: ಮನೆಯ ಗೇಟ್‌ವಾಲ್ವ್ ತೆರೆದಿದೆಯಾ, ಪಕ್ಕದ ಮನೆಯಲ್ಲಿ ನೀರು ಬರುತ್ತಿದೆಯಾ, ನಿನ್ನೆಯಿಂದ ಯಾರಾದರೂ ಏನಾದರೂ ಮುಟ್ಟಿದರಾ. ಈಚೆ ಕಂಪ್ಲೇಂಟಮ್ಮನ ಚಾಕು ನಿಂತಿತು. ಆ ಮೆತ್ತನೆಯ ದನಿ ಎಷ್ಟು ಸರಿಯಾಗಿತ್ತು! ಸಿಟ್ಟಿನಲ್ಲಿರುವವರು ಅಂಥ ದನಿಯ ಮುಂದೆ ಎಷ್ಟು ಹೊತ್ತು ಸಿಟ್ಟಾಗಿರಬಲ್ಲರು? ತಮ್ಮ ಗಂಟಲಿಗಿಂತ ಇದೇ ಮೇಲು ಎಂದು ಅವರಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ತಪ್ಪು ನಮ್ಮ ಕಚೇರಿಯದೇ ಆಗಿದ್ದರೆ ಏನು ಹೇಳುತ್ತೀರಿ ಎಂದು ಅಧಿಕಾರಿಣಿ ಕೊನೆಗೆ ಕೇಳಿದರು.

‘ನಮ್ಮದೇ ತಪ್ಪು ಅಂತ ಹೇಳ್ತೀನಿ ಮೇಡಂ. ನಮ್ಮತ್ತೆ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವರು. ತಪ್ಪು ನಮ್ಮದಾದ್ರೆ ಮೊದಲನೇ ಮಾತಲ್ಲೇ ಒಪ್ಕೋಬೇಕು ಅಂತ ಹೇಳಿಕೊಟ್ಟಿದ್ದಾರೆ. ಅವರು ಹಾಗೇ ಇರೋದನ್ನ ನಾನು ದಿನಾ ನೋಡ್ತೀನಿ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಂಪ್ಲೇಂಟಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೀಲಿ ದಾರದ ಮೇಲೆ ಹೋಯಿತು. ನಾಚಿಕೆಯಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಹೋಗಿದ್ದು ಅಡಿಕೆಗೂ ಅಲ್ಲ, ಒಂದು ಗೇಣು ದಾರಕ್ಕೆ. ಎದ್ದು ಹೋಗಿ, ಹಳೆಯ ಪೆಟ್ಟಿಗೆಯಿಂದ ಆಫೀಸಿನ ಕಾಲದ ಒಂದು ದೂರು ಪುಸ್ತಕ ತೆಗೆದರು. ಖಾಲಿ ಉಳಿದದ್ದನ್ನು ನಿವೃತ್ತಿಯ ದಿನ ಪಕ್ಕದ ಕುರ್ಚಿಯವಳು ನೆನಪಿಗೆಂದು ಕೊಟ್ಟಿದ್ದಳು.

ಸೊಸೆ ಹೊರಗೆ ಬಂದಾಗ ಮುಖ ಬೆಳಗುತ್ತಿತ್ತು. ತಿಳಿಸುತ್ತೇವೆ ಎಂದಿದ್ದಾರೆ, ಲೈನ್ ಚೆನ್ನಾಗಿದೆ ಎಂದರು, ಒಂದು ಸಲ ನಕ್ಕರು ಕೂಡ ಎಂದು ಒಂದೇ ಉಸಿರಿಗೆ ಹೇಳಿದಳು. ಕಂಪ್ಲೇಂಟಮ್ಮ ಅಷ್ಟನ್ನೂ ಕೇಳಿ, ಆಮೇಲೆ ದಾರವನ್ನು ಮೇಜಿನ ಮೇಲಿಟ್ಟರು.

‘ಮುಟ್ಟಿದ್ದು ನಾನೇ ಕಣಮ್ಮ. ಬೆಳಗ್ಗೆ ಚಂದ ಕಾಣ್ಲಿ ಅಂತ ಕಟ್ಟಿದೆ. ಆ ಹುಡುಗಿ ಕೇಳಿದಾಗ ಸುಳ್ಳು ಹೇಳಿದೆ, ನೀನು ಕೇಳಿದಾಗ್ಲೂ ಸುಳ್ಳೇ ಹೇಳಿದೆ.’

ಸೊಸೆ ದಾರವನ್ನೂ ಅತ್ತೆಯನ್ನೂ ನೋಡಿದಳು. ಅವಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ನನ್ನ ಜೀವ ಬಾಯಿಗೆ ಬಂದಿತ್ತು, ಆ ಗಾಬರಿಯಲ್ಲಿ ಕಳ್ಳನ ಕೈಗೆ ಎಲ್ಲವನ್ನೂ ಕೊಡುವುದರಲ್ಲಿದ್ದೆ ಎಂದಳು. ಹೌದು ಎಂದರು ಕಂಪ್ಲೇಂಟಮ್ಮ. ಮೊದಲೇ ಹೇಳಬಹುದಿತ್ತಲ್ಲ ಎಂದಳು. ಹೌದು ಎಂದರು ಮತ್ತೆ. ಆಮೇಲೆ ಪುಸ್ತಕವನ್ನು ಅವಳ ಮುಂದೆ ಸರಿಸಿದರು. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ದೂರು, ಇಂಟರ್ನೆಟ್ ಇಲ್ಲ. ದೋಷ, ಮನೆಯೊಳಗೆ. ಕಾರಣ, ಅತ್ತೆ. ಕೆಳಗೆ ಗ್ರಾಹಕರ ಅಭಿಪ್ರಾಯ ಮತ್ತು ಸಹಿ ಎಂಬ ಜಾಗ ಖಾಲಿ ಇತ್ತು. ಗ್ರಾಹಕರ ಸಹಿ ಬೀಳದೆ ಅವರ ಆಫೀಸಿನಲ್ಲಿ ಯಾವ ದೂರನ್ನೂ ಮುಗಿಸುವಂತಿರಲಿಲ್ಲ.

ಕಾರಣ ಅತ್ತೆ ಎಂಬುದನ್ನು ಓದುವಷ್ಟರಲ್ಲಿ ಸೊಸೆಯ ಸಿಟ್ಟು ಕೈಕೊಟ್ಟಿತು. ಬಾಯಿ ಬಿಗಿಹಿಡಿದರೂ ನಗು ಮೂಗಿನಿಂದ ಹೊರಬಂತು. ಅತ್ತೆಯೂ ನಕ್ಕರು. ಇಬ್ಬರೂ ಎಷ್ಟು ನಕ್ಕರೆಂದರೆ ಪಕ್ಕದ ಮನೆಯ ಕನ್ನಡಕದವರ ಹೆಂಡತಿ, ಕೆಲಸ ಸಿಕ್ಕಿತಾ ಎಂದು ಕಿಟಕಿಯಿಂದ ಕೂಗಿದಳು. ಸೊಸೆ ಪೆನ್ನು ತೆಗೆದುಕೊಂಡು, ಕೆಲಸ ತೃಪ್ತಿಕರ, ಇನ್ನು ಮುಂದೆ ನೀಲಿ ದಾರದ ಉಂಡೆ ಸೊಸೆಯ ವಶ ಎಂದು ಬರೆದು ಸಹಿ ಹಾಕಿದಳು.

ಆರನೆಯ ದಿನ ಕೆಲಸದ ಪತ್ರ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬುದು ಜಗಳದ ಮನೆಗಳ ಗಾದೆ, ಆದರೆ ಆ ಮನೆಯಲ್ಲಿ ಅದನ್ನು ಅತ್ತೆಯೇ ಬಾಯ್ತುಂಬ ಹೇಳಿಕೊಂಡು ಬೀದಿಯೆಲ್ಲ ತಿರುಗಿದರು. ಮುಂದಿನ ಕೋಣೆಗೆ ಒಂದು ಹೊಸ ಕುರ್ಚಿ ಬಂತು. ಕಂಪ್ಲೇಂಟಮ್ಮನೇ ಅಂಗಡಿಗೆ ಹೋಗಿ, ಕೂತು ಎದ್ದು, ಬೆನ್ನಿಗೆ ಆಸರೆ ಇದೆಯೇ ನೋಡಿ ಆರಿಸಿದ್ದು.

ಮೊದಲ ದಿನ ಒಂಬತ್ತಕ್ಕೆ ಸೊಸೆ ಆ ಕುರ್ಚಿಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಳು. ಕಂಪ್ಲೇಂಟಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತರು. ಮೊದಲ ಕರೆ ಬಂತು. ನೀರಿಲ್ಲವಂತೆ. ಸೊಸೆ ಮೊದಲನೆಯ ಪ್ರಶ್ನೆ ಕೇಳಿದಳು, ಎರಡನೆಯದನ್ನು ಕೇಳಿದಳು, ಮೂರನೆಯದನ್ನು ಕೇಳಿದಳು. ಆಚೆಯಿಂದ ಏನು ಉತ್ತರ ಬಂತೆಂದು ಅವಳ ತುಟಿಯಂಚಿನ ನಗುವೇ ಹೇಳಿತು. ಕತ್ತು ತಿರುಗಿಸಿ ಅತ್ತೆಯನ್ನು ನೋಡಿದಳು.

‘ಪರವಾಗಿಲ್ಲ ಸಾರ್, ಧೈರ್ಯವಾಗಿ ಹೇಳಿ’ ಎಂದಳು ಆ ಮೆತ್ತನೆಯ ದನಿಯಲ್ಲಿ. ‘ನಮ್ಮನೇಲಿ ಮೂವತ್ತೊಂದು ವರ್ಷ ಅನುಭವ ಇರೋವ್ರೇ ಮುಟ್ಟಿ, ಮುಟ್ಟಿಲ್ಲ ಅಂದಿದ್ರು.’

ಆಚೆ ಕಡೆಯವರು ಏನೋ ಹೇಳಿದರು. ಹಾಗಾದರೆ ಆ ವಾಲ್ವನ್ನು ಮತ್ತೆ ಎಡಕ್ಕೆ ತಿರುಗಿಸಿ ಎಂದಳು ಸೊಸೆ, ಮತ್ತೆ, ನೀರು ಬಂತಾ, ಸಂತೋಷ ಎಂದಳು. ಕಂಪ್ಲೇಂಟಮ್ಮ ಒಳಗೆ ಹೋಗಿ ಕಾಫಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಮೇಜಿನ ಹಿಂದೆ ಹಳದಿ ವೈರು ಅಗಲವಾಗಿ ಜೋಲಾಡುತ್ತಿತ್ತು. ಅದನ್ನು ಒಂದು ಗಳಿಗೆ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ಬಂದರು.